ತಾಲ್ಕೋರಾ ಯಾಕೆ ಓಡಿ ಬಂದಳು?

"ಕಾಕಾ, ಅಕಿಗಿ ನನ್ನ ಮ್ಯಾಲ ಭಾಳ ಜೀವ ಅದ ನೋಡ್ರಿ" ಅಂದ ಅಣ್ಣನ ಮಗ.

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯಲ್ಲಿ ಆ ಹೊತ್ತಿಗೆ ಹೊರಗೆ ಹೋಗುವ ಮಾತೇ ಇಲ್ಲ. ಹುಡುಗ ಕೂಲರ್ ಎದುರು ಕೂತು ಗಿಲ್ಡ್ ವಾರ್ಸ್ ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದ. "ಅಕಿ" ಅಂದರೆ ಆಟದೊಳಗಿನ ತಾಲ್ಕೋರಾ, ಗಾಯ ವಾಸಿ ಮಾಡುವ ಸನ್ಯಾಸಿನಿ. ಅವನ ಜೀವದ ಪಟ್ಟಿ ಸಣ್ಣ ಗೆರೆಯಷ್ಟಾಗಿ ಇನ್ನೇನು ಸತ್ತ ಅನ್ನುವಾಗ, ಅವಳು ಬಂಡೆ ಸುತ್ತಿಕೊಂಡು ಓಡಿ ಬಂದಳು. ಕೈ ಎತ್ತಿದಳು. ಪಟ್ಟಿ ತುಂಬಿಕೊಂಡಿತು. ಹುಡುಗನ ಮುಖ ನೋಡಬೇಕಿತ್ತು.

ಈ ಆಟ 2005ರ ಏಪ್ರಿಲ್‌ನಲ್ಲಿ ಬಂದಿದ್ದು. ತಿಂಗಳ ಚಂದಾ ಇಲ್ಲ, ನಮ್ಮ ಮನೆಯ ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಆದರೆ ದೊಡ್ಡ ಕಾಳಗಗಳಿಗೆ ಎಂಟು ಮಂದಿಯ ತಂಡ ಬೇಕು. ಎಂಟು ಮಂದಿಯನ್ನು ಎಲ್ಲಿಂದ ತರೋದು? ಒಬ್ಬ ಗೆಳೆಯ ಟ್ಯೂಷನ್‌ಗೆ, ಇನ್ನೊಬ್ಬನ ಮನೆಯಲ್ಲಿ ಕರೆಂಟ್ ಇಲ್ಲ. ಅದಕ್ಕೇ ಕಂಪ್ಯೂಟರೇ ನಡೆಸುವ ಜೊತೆಗಾರರು. 2006ರಲ್ಲಿ ಬಂದ ನೈಟ್‌ಫಾಲ್ ಭಾಗದಲ್ಲಿ ಇಂತಹ ಮೂವರು ಹೀರೋಗಳನ್ನು ಕರೆದೊಯ್ಯಬಹುದಿತ್ತು. 2011ರಲ್ಲಿ ಅದು ಏಳಕ್ಕೆ ಏರಿತು. ಏಳು ಮಂದಿ ಅವರು, ಎಂಟನೆಯವನು ನಮ್ಮ ಹುಡುಗ. ಸಾವಿರಾರು ಜನ ಆಡುವ ಆನ್‌ಲೈನ್ ಲೋಕದಲ್ಲಿ ಒಬ್ಬನೇ ಆಡುತ್ತಾನೆ, ಆದರೂ ಒಂಟಿ ಅಲ್ಲ.

ಒಬ್ಬನೇ ಆಡುವುದರ ಬಗ್ಗೆ ನನ್ನ ತಕರಾರಿಲ್ಲ, ಅದು ಚಂದದ ಆಟ. ಆದರೆ "ಅಕಿಗಿ ನನ್ನ ಮ್ಯಾಲ ಜೀವ ಅದ" ಅನ್ನುವ ಮಾತು ಕೇಳಿ ಸುಮ್ನೆ ಇರಲು ನನಗೆ ಆಗಲಿಲ್ಲ. ಇಂಥ ನಂಬಿಕೆ ಒಂದೇ ಕಡೆ ನಿಲ್ಲುವುದಿಲ್ಲ. ಅವನ ಗೆಳೆಯನೊಬ್ಬ ಅಮವಾಸ್ಯೆ ದಿನ ಆಟ ತೆಗೆಯುವುದೇ ಇಲ್ಲ. ಅವತ್ತು ಒಳ್ಳೆ ಕತ್ತಿ ಸಿಗುವುದಿಲ್ಲವಂತೆ. ಯಾವ ವಸ್ತು ಸಿಗಬೇಕು ಅನ್ನುವುದನ್ನು ನಿರ್ಧರಿಸುವುದು ಒಂದು ಲೆಕ್ಕದ ಸೂತ್ರ. ಅದಕ್ಕೆ ಚಂದ್ರನ ಪರಿಚಯವೇ ಇಲ್ಲ.

ಅದಕ್ಕೆ ಪರೀಕ್ಷೆ ಮಾಡೋಣ ಅಂದೆ. ಆಟದಲ್ಲಿ ನೆಲಕ್ಕೆ ಒಂದು ಬಾವುಟ ನೆಟ್ಟರೆ ಹೀರೋಗಳು ಅಲ್ಲೇ ನಿಲ್ಲುತ್ತಾರೆ. ತಾಲ್ಕೋರಾಳ ಬಾವುಟವನ್ನು ಹಿಂದೆ, ಭಾಳ ದೂರದಲ್ಲಿ ನೆಡಿಸಿದೆ. ಹುಡುಗ ಮುಂದೆ ಹೋಗಿ ರಾಕ್ಷಸರ ಗುಂಪಿಗೆ ಸಿಕ್ಕಿಬಿದ್ದ. ಪಟ್ಟಿ ಇಳಿಯಿತು. ಅರ್ಧ, ಕಾಲು, ಗೆರೆ. ಅವಳು ಬಾವುಟದ ಪಕ್ಕ ನಿಂತೇ ಇದ್ದಳು. ಕೂದಲು ಗಾಳಿಗೆ ಅಲ್ಲಾಡುತ್ತಿತ್ತು. ಹುಡುಗ ಸತ್ತ.

ಎರಡನೇ ಸಲ ಬಾವುಟ ತೆಗೆದು ಅವನನ್ನು ಹಿಂದೆ ನಿಲ್ಲಿಸಿದೆ. ಕೊಸ್ ಎಂಬ ಯೋಧ ಮುಂದೆ ಹೋಗಿ ಏಟು ತಿಂದ. ಈಗ ತಾಲ್ಕೋರಾ ಕೊಸ್‌ನ ಕಡೆ ಓಡಿದಳು. ಅದೇ ಓಟ, ಅದೇ ಕೈ ಎತ್ತುವ ರೀತಿ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಳಗೆ ಇರುವುದು ಷರತ್ತುಗಳ ಪಟ್ಟಿ, ಅಷ್ಟೇ. ತಂಡದಲ್ಲಿ ಯಾರ ಜೀವ ಭಾಳ ಕಡಿಮೆ ಇದೆ? ಅವರಿಗೆ ಮದ್ದು. ಎಲ್ಲರೂ ಆರಾಮ ಇದ್ದಾರಾ? ಹಾಗಾದರೆ ಮುಂದಿನ ಸಾಲು. ಮೇಲಿನ ಸಾಲಿನಿಂದ ಕೆಳಗೆ ಓದಿಕೊಂಡು ಬರುವುದು, ಮೊದಲು ಹೊಂದಿದ್ದನ್ನು ಮಾಡುವುದು, ಮರುಕ್ಷಣ ಮತ್ತೆ ಮೇಲಿನಿಂದ ಓದುವುದು. ಕೆಲವು ಆಟಗಳು ಈ ಪಟ್ಟಿಯನ್ನು ಮುಚ್ಚಿಡುವುದೂ ಇಲ್ಲ. 2006ರಲ್ಲಿ ಬಂದ ಫೈನಲ್ ಫ್ಯಾಂಟಸಿ 12ರಲ್ಲಿ ಆಡುವವರೇ ಇದನ್ನು ಬರೆಯಬೇಕು: ಗೆಳೆಯನ ಜೀವ ಅರ್ಧಕ್ಕಿಂತ ಕಡಿಮೆಯಾದರೆ ಮದ್ದು ಹಾಕು, ಇಲ್ಲದಿದ್ದರೆ ಹತ್ತಿರದ ಶತ್ರುವನ್ನು ಹೊಡಿ. ತಾವೇ ಬರೆದ ಸಾಲು ಕೆಲಸ ಮಾಡುವಾಗಲೂ ಜನಕ್ಕೆ ಅದರಲ್ಲಿ ಸ್ನೇಹ ಕಾಣುತ್ತದೆ!

ತಪ್ಪು ಹುಡುಗನದಲ್ಲ. ನಮ್ಮ ಮಿದುಳು ಇರುವುದೇ ಹಾಗೆ. 1944ರಲ್ಲಿ ಅಮೆರಿಕದಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರ ತೋರಿಸಿದರು. ಅದರಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು. ಅವು ಸುಮ್ನೆ ಅತ್ತಿತ್ತ ಸರಿದಾಡುತ್ತವೆ. ನೋಡಿದವರಲ್ಲಿ ಬಹುತೇಕ ಎಲ್ಲರೂ ಕಥೆ ಹೇಳಿದರು. ದೊಡ್ಡವನು ಜಗಳಗಂಟ, ಸಣ್ಣವನು ಧೈರ್ಯವಂತ, ವೃತ್ತಕ್ಕೆ ಹೆದರಿಕೆ. ಮುಖ ಇಲ್ಲದ ತ್ರಿಕೋನಕ್ಕೇ ಮನಸ್ಸು ಕೊಟ್ಟವರು, ಕಣ್ಣು ಕೂದಲು ಇರುವ ತಾಲ್ಕೋರಾಳಿಗೆ ಕೊಡದೆ ಇರುತ್ತಾರಾ?

"ಆದರ ಕಾಕಾ, ಅವರಿಗಿ ಮುಂಚೆನೇ ತಿಳೀತದ" ಅಂದ ಅವನು. ಅವನ ತಂಡದಲ್ಲಿ ನೋರ್ಗು ಎಂಬ ಮಾಯಾವಿ ಇದ್ದಾನೆ. ಶತ್ರು ಮಂತ್ರ ಶುರು ಮಾಡಿದ ಅರೆಕ್ಷಣದಲ್ಲೇ ತಡೆದುಬಿಡುತ್ತಾನೆ. ಹುಡುಗ ಎಷ್ಟು ಬೇಗ ಗುಂಡಿ ಒತ್ತಿದರೂ ತಡವಾಗುತ್ತದೆ. ಇದಕ್ಕೂ ದಿವ್ಯದೃಷ್ಟಿ ಬೇಕಿಲ್ಲ. ಕಣ್ಣಿಗೆ ಕಂಡಿದ್ದಕ್ಕೆ ಬೆರಳು ಅಲ್ಲಾಡಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಆಮೇಲೆ ಆ ಒತ್ತು ಸರ್ವರ್‌ಗೆ, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್‌ಗೆ, ಹೋಗಬೇಕು. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸರ್ವರ್ 10,000 ಕಿ.ಮೀ. ದೂರ ಇದ್ದರೆ ಹೋಗಲು 50 ಮಿಲಿಸೆಕೆಂಡ್, ಬರಲು ಮತ್ತೆ 50. ನೋರ್ಗು ಇರುವುದು ಆ ಸರ್ವರ್ ಒಳಗೇ. ಹುಡುಗ ಕಲಬುರಗಿಯಿಂದ ಕಾಗದ ಬರೆಯುತ್ತಾನೆ, ನೋರ್ಗು ಆ ಮನೆಯೊಳಗೇ ಕೂತಿದ್ದಾನೆ. ಯಾರ ಮಾತು ಮೊದಲು ಕೇಳಿಸುತ್ತದೆ?

ಇಷ್ಟೆಲ್ಲ ಹೇಳಿದ ಮೇಲೂ ನನಗೆ ನಿಜವಾಗಿ ಖುಷಿ ಕೊಡುವ ಸಂಗತಿ ಉಳಿದೇ ಇತ್ತು. ಅವಳು ಬಂಡೆ ಸುತ್ತಿಕೊಂಡು ಬಂದಳಲ್ಲ, ಅದು. ಬಂಡೆಗೆ ಡಿಕ್ಕಿ ಹೊಡೆಯಲಿಲ್ಲ, ಊರೆಲ್ಲ ತಿರುಗಿ ಬರಲಿಲ್ಲ. ಹತ್ತಿರದ ದಾರಿಯನ್ನೇ ಹಿಡಿದಳು. ಕಣ್ಣಿಲ್ಲದವಳಿಗೆ ದಾರಿ ಹೇಗೆ ಸಿಕ್ಕಿತು?

ಅಷ್ಟರಲ್ಲಿ ಕರೆಂಟ್ ಹೋಯಿತು. ಒಳ್ಳೇದೇ ಆಯಿತು. ಬಿಸಿಲು ಇಳಿದ ಮೇಲೆ ಇಬ್ಬರೂ ಅಂಗಳಕ್ಕೆ ಬಂದೆವು. ನಮ್ಮ ಅಂಗಳಕ್ಕೆ ಹಾಸಿರುವುದು ಶಹಾಬಾದ್ ಫರ್ಸಿ. ಅಗಲಕ್ಕೆ ಐದು, ಉದ್ದಕ್ಕೆ ಏಳು ಚೌಕ ಕಲ್ಲು. ಆಟದ ಕಂಪ್ಯೂಟರ್ ಕೂಡ ನೆಲವನ್ನು ಹೀಗೇ ತುಂಡು ತುಂಡಾಗಿ ನೋಡುತ್ತದೆ. ನಡುಸಾಲಿನ ಈ ತುದಿಯ ಕಲ್ಲಿನ ಮೇಲೆ ತಾಲ್ಕೋರಾ, ಆ ತುದಿಯ ಕಲ್ಲಿನ ಮೇಲೆ ಹುಡುಗ. ನಡುವೆ ಹೊರಸನ್ನು ಪಕ್ಕಕ್ಕೆ ಮಲಗಿಸಿ ಗೋಡೆ ಮಾಡಿದೆವು. ಅದು ನಾಲ್ಕನೇ ಕಲ್ಲಿನ ಸಾಲಿನಲ್ಲಿ ನಡುವಿನ ಮೂರು ಕಲ್ಲನ್ನು ಮುಚ್ಚಿತು. ಎರಡೂ ತುದಿಯಲ್ಲಿ ಒಂದೊಂದು ಕಲ್ಲು ಖಾಲಿ.

ಪ್ರತಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಎರಡು ಅಂಕಿ ಬರೆದೆವು. ಒಂದು, ಇಲ್ಲಿವರೆಗೆ ನಡೆದ ಕಲ್ಲುಗಳು. ಇನ್ನೊಂದು, ಹೊರಸು ಇಲ್ಲವೇ ಇಲ್ಲ ಅಂದುಕೊಂಡು ಹುಡುಗನವರೆಗೆ ಉಳಿದ ಕಲ್ಲುಗಳ ಅಂದಾಜು. ಎರಡನ್ನೂ ಕೂಡಿಸುವುದು, ಮೊತ್ತ ಕಡಿಮೆ ಇರುವ ಕಲ್ಲಿನ ಕಡೆ ಮೊದಲು ನೋಡುವುದು. ನಿಯಮ ಇಷ್ಟೇ.

ಮೊದಲ ಕಲ್ಲು: 0 ಮತ್ತು 6, ಮೊತ್ತ 6. ನೇರ ಮುಂದೆ: 1 ಮತ್ತು 5. ಆಮೇಲೆ 2 ಮತ್ತು 4. ಆರೇ. ಅಲ್ಲಿ ಹೊರಸು ಅಡ್ಡ ಬಂತು. ಪಕ್ಕದ ಕಲ್ಲು 3 ಮತ್ತು 5, ಮೊತ್ತ 8. ಎಂಟಿನ ಕಲ್ಲುಗಳೆಲ್ಲ ಮುಗಿದರೂ ದಾರಿ ಇಲ್ಲ. ಇನ್ನೂ ಒಂದು ಕಲ್ಲು ಪಕ್ಕಕ್ಕೆ ಸರಿದರೆ 4 ಮತ್ತು 6, ಹತ್ತು. ಅಲ್ಲಿಂದ ಹೊರಸಿನ ತುದಿ ದಾಟಿದೆವು: 5 ಮತ್ತು 5, 6 ಮತ್ತು 4, 7 ಮತ್ತು 3. ಮೊತ್ತ ಹತ್ತು ದಾಟಲೇ ಇಲ್ಲ. 10 ಮತ್ತು 0 ಅಂತ ಬರೆದಾಗ ಸೀಮೆಸುಣ್ಣ ಹುಡುಗನ ಕಾಲ ಬಳಿ ಇತ್ತು.

ಆಟೋದವರು ಇದನ್ನು ದಿನಾ ಮಾಡುತ್ತಾರೆ. ಇಲ್ಲಿವರೆಗೆ ಸುಟ್ಟ ಪೆಟ್ರೋಲ್, ಇನ್ನು ಬೇಕಾಗುವ ಪೆಟ್ರೋಲ್, ಎರಡನ್ನೂ ಕೂಡಿಸಿ ಓಣಿ ಆರಿಸುತ್ತಾರೆ. ಖಾಜಾ ಬಂದೇ ನವಾಜ್ ದರ್ಗಾಕ್ಕೆ ಹೊಸದಾಗಿ ಬಂದವರೂ ಹಾಗೇ, ದೂರದ ಗುಮ್ಮಟದ ಮೇಲೆ ಒಂದು ಕಣ್ಣಿಟ್ಟು ಓಣಿ ಹಿಡಿಯುತ್ತಾರೆ. ಗುಮ್ಮಟ ಕಾಣದಿದ್ದರೆ? ಆಗ ಪ್ರತಿ ಓಣಿಯನ್ನೂ ಹೊಕ್ಕು ನೋಡಬೇಕು. ಸಪಾಟು ಫರ್ಸಿ ಮೇಲೆ ಕೊಡದ ನೀರು ಚೆಲ್ಲಿದರೆ ಎಲ್ಲ ಕಡೆ ಹರಡುತ್ತದಲ್ಲ, ಹಾಗೆ. ಅಂದಾಜಿನ ಅಂಕಿ ಆ ಫರ್ಸಿಗೆ ಸ್ವಲ್ಪ ಇಳಿಜಾರು ಕೊಡುತ್ತದೆ. ನೀರು ಬೇಕಾದ ಕಡೆಗೇ ಹರಿಯುತ್ತದೆ.

ಚೆಲ್ಲಿದ ನೀರಿನಂತೆ ಹುಡುಕುವ ಒಂದು ಹೆಸರಾಂತ ವಿಧಾನ ಹೊಳೆದದ್ದು ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾಗೆ. 1956ರಲ್ಲಿ ಮದುವೆಯಾಗಲಿರುವ ಹುಡುಗಿಯ ಜೊತೆ ಆಮ್‌ಸ್ಟರ್‌ಡಾಮ್‌ನಲ್ಲಿ ಅಂಗಡಿ ಸುತ್ತಿ ದಣಿದು, ಕಾಫಿ ಕುಡಿಯಲು ಕೂತಿದ್ದರು. ಕೈಯಲ್ಲಿ ಕಾಗದ ಇಲ್ಲ, ಪೆನ್ನಿಲ್ಲ. ಇಪ್ಪತ್ತು ನಿಮಿಷದಲ್ಲಿ ತಲೆಯಲ್ಲೇ ಮಾಡಿ ಮುಗಿಸಿದರು. ಕಾಗದ ಇಲ್ಲದಿದ್ದರಿಂದಲೇ ಅದು ಅಷ್ಟು ಸರಳವಾಯಿತು ಅಂತ ಮುಂದೆ ಅವರೇ ಹೇಳಿದ್ದಾರೆ. 1959ರಲ್ಲಿ ಅಚ್ಚಾಯಿತು. ಅಂದಾಜಿನ ಅಂಕಿ ಸೇರಿದ್ದು 1968ರಲ್ಲಿ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಶೇಕಿ ಎಂಬ ರೋಬಾಟ್ ಇತ್ತು. ಚಲಿಸುವಾಗ ಗಡಗಡ ನಡುಗುತ್ತಿದ್ದರಿಂದ ಆ ಹೆಸರು. ಪೆಟ್ಟಿಗೆಗಳ ನಡುವೆ ಅದಕ್ಕೆ ದಾರಿ ಹುಡುಕಿಕೊಡಲು ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್, ಬರ್ಟ್ರಮ್ ರಾಫೆಲ್ ಮಾಡಿದ ಲೆಕ್ಕದ ಹೆಸರು 'ಎ ಸ್ಟಾರ್'. ಇವತ್ತು ಆಟಗಳಲ್ಲಿ ಬಂಡೆ ಸುತ್ತಿ ಬರುವ ಜೊತೆಗಾರರಲ್ಲಿ ಎಷ್ಟೋ ಜನ ಶೇಕಿಯ ಮೊಮ್ಮಕ್ಕಳು.

ಇದರಲ್ಲಿ ಒಂದು ಕಟ್ಟುನಿಟ್ಟಿನ ಷರತ್ತಿದೆ. ಅಂದಾಜು ಖರೇ ದೂರಕ್ಕಿಂತ ಕಡಿಮೆ ಇದ್ದರೆ ನಡೆಯುತ್ತದೆ, ಜಾಸ್ತಿ ಇರಬಾರದು. ಹಳ್ಳಿಯಲ್ಲಿ ದಾರಿ ಕೇಳಿದಾಗ "ಇಲ್ಲೇ ಅದ ರೀ" ಅಂತ ಸುಳ್ಳು ಧೈರ್ಯ ಹೇಳಿದರೂ ತೊಂದರೆಯಿಲ್ಲ. ಹೋಗಿ ನೋಡುತ್ತೀರಿ, ನಾಲ್ಕು ಹೆಜ್ಜೆ ದಂಡ. ಆದರೆ "ಆ ಕಡಿ ಭಾಳ ದೂರ ಆಗ್ತದ" ಅಂದುಬಿಟ್ಟರೆ ನೀವು ಆ ಓಣಿಗೆ ಕಾಲೇ ಇಡುವುದಿಲ್ಲ. ಹತ್ತಿರದ ದಾರಿ ಅಲ್ಲೇ ಇದ್ದರೂ ಕೈತಪ್ಪುತ್ತದೆ.

ಹುಡುಗ ಕುಕ್ಕರಗಾಲಲ್ಲಿ ಕೂತು ಅಂಕಿಗಳನ್ನೇ ನೋಡುತ್ತಿದ್ದ. ವೈನಿ ಒಳಗಿಂದ ಎರಡು ಸಲ ಚಹಾಕ್ಕೆ ಕರೆದರು. ಅವನು ಏಳಲಿಲ್ಲ.

"ಕಾಕಾ, ಕಲ್ಲಿನ ಮೂಲಿಯಿಂದ ಮೂಲಿಗಿ ಹೋಗಬಹುದಲ್ಲ?"

ಹೋಗಬಹುದು. ಮೂಲೆಯಿಂದ ಮೂಲೆಗೆ ಒಂದು ಹೆಜ್ಜೆಗೆ ಸುಮಾರು 1.4 ಅಂತ ಹಿಡಿ ಅಂದೆ. ಅವನು ಹೊರಸಿನಾಚೆಯ ಕಲ್ಲಿನ ಬಳಿ ನಿಂತ. 6 ಮತ್ತು 4 ಅಂತ ಬರೆದಿದ್ದ ಕಲ್ಲು ಅದು. ಬೆರಳಲ್ಲಿ ಮೂಲೆಗಳನ್ನು ಎಣಿಸಿದ.

"ಹಂಗಾದ್ರ ಇಲ್ಲಿಂದ ಎರಡೇ ಹೆಜ್ಜಿ. ಖರೇ ದೂರ 2.8. ನಾವು ಬರ್ದಿದ್ದು ನಾಕು. ಅಂದಾಜು ಜಾಸ್ತಿ ಆತಲ್ಲ ಕಾಕಾ, ಇದು ನಡ್ಯಂಗಿಲ್ಲ."

ಅಂಗೈಯಿಂದ ಎಲ್ಲ ಅಂಕಿಗಳನ್ನೂ ಒರೆಸಿ ಮೊದಲ ಕಲ್ಲಿನಿಂದ ಮತ್ತೆ ಬರೆಯುತ್ತ ಬಂದ. ನಾಲ್ಕು ಓರೆ ಹೆಜ್ಜೆ, ಎರಡು ನೇರ ಹೆಜ್ಜೆ. ಕೊನೆಯ ಕಲ್ಲಿನ ಮೇಲೆ ಹತ್ತು ಇದ್ದ ಜಾಗದಲ್ಲಿ 7.6 ಅಂತ ಬರೆಯುವಾಗ ಕರೆಂಟ್ ಬಂತು. ಒಳಗೆ ಕೂಲರ್ ಶುರುವಾದ ಸದ್ದು ಕೇಳಿತು. ಹೊರಸನ್ನು ಈ ಸಲ ಓರೆಯಾಗಿ ಇಡೋಣ, ಒಂದು ಕೈ ಹಿಡೀರಿ ಅಂದ.