ಜ್ವರದ ರಾತ್ರಿ ಮಾತ್ರೆ ಹೆಚ್ಚಿಸುವ ಧೈರ್ಯ

ನನ್ನ ಅಕ್ಕನ ಮಗನಿಗೆ ಈಗ ಮೂರು ವರ್ಷ. ದಿನಕ್ಕೆ ಮೂರು ಸಲ ಹೈಡ್ರೋಕಾರ್ಟಿಸೋನ್ ಮಾತ್ರೆ ತಗೋಬೇಕು. ಹುಟ್ಟಿನಿಂದಲೇ ಅವನ ಅಡ್ರಿನಲ್ ಗ್ರಂಥಿಗಳಿಗೆ ಸಾಕಷ್ಟು ಕಾರ್ಟಿಸಾಲ್ ಅನ್ನುವ ಹಾರ್ಮೋನು ಮಾಡಲು ಆಗುವುದಿಲ್ಲ. ಆ ಮಾತ್ರೆಯಲ್ಲಿರುವುದು ಅದೇ. ಆಟ, ಹಟ, ತುಂಟತನ ಎಲ್ಲ ಓರಗೆಯ ಮಕ್ಕಳ ಹಾಗೇ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಮನೆಯವರ ಎದೆ ಡವಗುಟ್ಟುವುದು ಅವನ ಮೈ ಬಿಸಿಯಾದ ದಿನ.

ಎರಡು ಕಿಡ್ನಿಗಳ ಮೇಲೂ ಟೋಪಿ ಇಟ್ಟ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ. ಅದೇ ಅಡ್ರಿನಲ್. ಅದು ಮಾಡುವ ಕಾರ್ಟಿಸಾಲ್ ರಕ್ತದ ಸಕ್ಕರೆ ಕುಸಿಯದಂತೆ, ಬಿಪಿ ಇಳಿಯದಂತೆ ನೋಡಿಕೊಳ್ಳುತ್ತದೆ. ನಮಗೆ ಜ್ವರ ಬಂದಾಗ, ಮೂಳೆ ಮುರಿದಾಗ ಈ ಗ್ರಂಥಿ ತಾನಾಗಿಯೇ ಕಾರ್ಟಿಸಾಲನ್ನು ಹಲವು ಪಟ್ಟು ಏರಿಸುತ್ತದೆ. ನಮಗದು ತಿಳಿಯುವುದೂ ಇಲ್ಲ. ಆದರೆ ಈ ಮಗುವಿಗೆ ಮಾತ್ರೆಯಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ. ಆ ಮಾತ್ರೆಯೋ, ಆರೋಗ್ಯದ ದಿನಕ್ಕೆ ಅಳೆದು ಕೊಟ್ಟದ್ದು. ಜ್ವರದ ದಿನ ಅದು ಸಾಲುವುದಿಲ್ಲ. ಗ್ರಂಥಿ ಮಾಡಬೇಕಿದ್ದ ಕೆಲಸವನ್ನು ಅಂದು ಅಪ್ಪ ಅಮ್ಮ ಮಾಡಬೇಕು.

ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಈ ಗ್ರಂಥಿ ಕೆಟ್ಟರೆ ಏನಾಗುತ್ತದೆಂದು ಬರೆದದ್ದು 1855ರಲ್ಲಿ. ಕಾಯಿಲೆಗೆ ಹೆಸರು ಸಿಕ್ಕಿತು, ಔಷಧ ಸಿಗಲಿಲ್ಲ. ಈ ಗ್ರಂಥಿಯ ಹಾರ್ಮೋನುಗಳ ಮೇಲಿನ ಕೆಲಸಕ್ಕೆ ಕೆಂಡಾಲ್, ರೈಕ್‌ಸ್ಟೀನ್, ಹೆಂಚ್ ಮೂವರಿಗೂ ನೊಬೆಲ್ ಬಂದದ್ದು 1950ರಲ್ಲಿ. ನಡುವಿನ ಅಷ್ಟೂ ವರ್ಷ ಇಂಥ ಎಷ್ಟು ಮಕ್ಕಳು ವಾಂತಿ, ಸುಸ್ತು ಅಂತ ಮಲಗಿದವರು ಏಳಲೇ ಇಲ್ಲವೋ ಏನೋ.

ಚಿಕ್ಕ ಮಕ್ಕಳಲ್ಲಿ ಅಪಾಯ ಜಾಸ್ತಿ. ಅವರ ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಕಡಿಮೆ, ಮೈಗೆ ಹೋಲಿಸಿದರೆ ಮೆದುಳು ದೊಡ್ಡದು. ಒಂದು ಹೊತ್ತು ಊಟ ಬಿಟ್ಟರೂ ಸಕ್ಕರೆ ಬೇಗ ಕುಸಿಯುತ್ತದೆ. ಹುಟ್ಟಿನಿಂದ ಬರುವ ತೊಂದರೆಯಲ್ಲಿ ಬಹಳ ಮಕ್ಕಳಿಗೆ ಮೈಯಲ್ಲಿ ಉಪ್ಪೂ ನಿಲ್ಲುವುದಿಲ್ಲ. ಅದಕ್ಕೆ ಫ್ಲೂಡ್ರೋಕಾರ್ಟಿಸೋನ್ ಅಂತ ಬೇರೆ ಮಾತ್ರೆ ಇರುತ್ತದೆ. ವಾಂತಿಯಾದರೆ ನೀರು, ಉಪ್ಪು, ನುಂಗಿದ ಮಾತ್ರೆ ಮೂರೂ ಒಟ್ಟಿಗೇ ಹೊರಗೆ.

ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲಿಗೆ ಡಾಕ್ಟರ್ ಬರೆದುಕೊಟ್ಟ ಚೀಟಿ ಅಂಟಿಸಿದೆ. ಜ್ವರ 100.4 ಡಿಗ್ರಿ ದಾಟಿದರೆ ಎರಡು ಪಟ್ಟು, 102.2 ದಾಟಿದರೆ ಮೂರು ಪಟ್ಟು. ರಾತ್ರಿಯ ಹೊತ್ತೂ ಬಿಡದೆ ಆರು ಗಂಟೆಗೊಮ್ಮೆ. ಮಾತ್ರೆ ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಷ್ಟನ್ನೇ ಮತ್ತೊಮ್ಮೆ. ಅದೂ ನಿಲ್ಲದಿದ್ದರೆ ತೊಡೆಗೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಆಮೇಲೆ ಆಸ್ಪತ್ರೆ. ಬೇರೆ ಮಗುವಿನ ಲೆಕ್ಕ ಸ್ವಲ್ಪ ಬೇರೆ ಇರಬಹುದು. ನಿಮ್ಮ ಡಾಕ್ಟರ್ ಬರೆದದ್ದೇ ನಿಮಗೆ ಲೆಕ್ಕ. ಜ್ವರ ಇಲ್ಲದ ಸಣ್ಣ ನೆಗಡಿಗೆ, ಸುಮ್ನೆ ಅತ್ತದ್ದಕ್ಕೆಲ್ಲ ಡೋಸ್ ಏರಿಸಬೇಕಿಲ್ಲ.

ಇಷ್ಟು ಸರಳ, ಅಲ್ವಾ? ಆದರೂ ಕೈ ಹಿಂದೇಟು ಹಾಕುತ್ತದೆ. ಹೈಡ್ರೋಕಾರ್ಟಿಸೋನ್ ಕೂಡ ಒಂದು ಸ್ಟೀರಾಯ್ಡ್. ಕಾರಣ ಆ ಪದ. ‘ಅಷ್ಟೊಂದು ಕೊಡಬೇಡವೇ, ಮಗು ಊದಿಕೊಳ್ಳುತ್ತೆ’ ಅಂತ ಅತ್ತೆಯೂ ಹೇಳುತ್ತಾರೆ, ಪಕ್ಕದ ಮನೆಯವರೂ ಹೇಳುತ್ತಾರೆ. ತಿಂಗಳುಗಟ್ಟಲೆ ಅಳತೆ ಮೀರಿ ಕೊಟ್ಟರೆ ತೂಕ ಏರುವುದು, ಎತ್ತರ ಕುಂಠಿತವಾಗುವುದು ನಿಜ. ಆದರೆ ಇಲ್ಲಿ ಕೊಡುತ್ತಿರುವುದು ಮೈ ತಾನೇ ಮಾಡಿಕೊಳ್ಳಬೇಕಿದ್ದ ಹಾರ್ಮೋನು. ಎರಡು ಮೂರು ದಿನ ಹೆಚ್ಚು ಕೊಟ್ಟರೆ ಕೆಡುಕಿಲ್ಲ. ಕೊಡದೆ ಬೆಳಗಿನವರೆಗೆ ಕಾಯ್ದರೆ ಮಗು ಉಳಿಯದೆ ಹೋಗಬಹುದು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ಸಿದ್ಧ.

ಇದು ಅಪರೂಪದ ಕಾಯಿಲೆಯವರಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ನೆಫ್ರೋಟಿಕ್ ಸಿಂಡ್ರೋಮ್ ಅನ್ನುವ ಕಿಡ್ನಿ ಕಾಯಿಲೆಗೆ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ತಗೊಂಡ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಗ್ರಂಥಿ ನಿದ್ದೆಗೆ ಜಾರುತ್ತದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಅದು ತಟ್ಟನೆ ಏಳುವುದಿಲ್ಲ.

ಒಂದು ರಾತ್ರಿ ಅಕ್ಕ ಮಗನನ್ನು ಎತ್ತಿಕೊಂಡು ಒಂದು ಆಸ್ಪತ್ರೆಗೆ ಓಡಿದ್ದಳು. ರಕ್ತದ ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಅಂದರು. ಈ ಕಾಯಿಲೆಯಲ್ಲಿ ರಿಪೋರ್ಟಿಗೆ ಕಾಯಬಾರದು. ಹೈಡ್ರೋಕಾರ್ಟಿಸೋನ್ ಮೊದಲು, ಜೊತೆಗೆ ಗ್ಲೂಕೋಸ್ ಮತ್ತು ಸಲೈನ್ ಡ್ರಿಪ್. ಅಂದಿನಿಂದ ಅವಳ ಚೀಲದಲ್ಲಿ ಡಾಕ್ಟರ ಪತ್ರ, 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಪುಡಿ ಇರುವ ಒಂದು ವಯಲ್ (ಇಂಜೆಕ್ಷನ್ನಿನ ಪುಟ್ಟ ಬಾಟಲಿ), ಎರಡು ಸಿರಿಂಜ್ ಸದಾ ಇರುತ್ತವೆ. ಅವನ ವಯಸ್ಸಿಗೆ ಎಷ್ಟು ಎಳೆಯಬೇಕೆಂದು ವಯಲಿನ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ.

ಸೂಜಿ ಚುಚ್ಚುವುದನ್ನು ಅವಳು ಕಲಿತದ್ದು ಮೂಸಂಬಿಯ ಮೇಲೆ. ಡೇಟ್ ಮುಗಿದ ವಯಲುಗಳನ್ನು ಎಸೆಯದೆ, ಪುಡಿಗೆ ನೀರು ಬೆರೆಸಿ, ಅಲುಗಾಡಿಸಿ, ಎಳೆದು, ಹಣ್ಣಿಗೆ ಚುಚ್ಚುತ್ತಿದ್ದಳು. ಭಾವನಿಗೂ, ನನಗೂ ಕಲಿಸಿದಳು. ಕಳೆದ ಮಳೆಗಾಲದಲ್ಲಿ ಅದರ ಹೊತ್ತು ಬಂತು. ಎರಡು ಸಲ ವಾಂತಿಯಾಗಿತ್ತು. ಮುಖ ಬಿಳಿಚಿತ್ತು, ಕೈ ತಣ್ಣಗಿತ್ತು, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದ. ಅಕ್ಕ ಯಾರನ್ನೂ ಕೇಳಲಿಲ್ಲ. ತೊಡೆಯ ಹೊರಬದಿಗೆ ಚುಚ್ಚಿದಳು. ಆಮೇಲೆ ಆಟೋ ಹತ್ತಿದೆವು. ಆಸ್ಪತ್ರೆಯಲ್ಲಿ ಡ್ರಿಪ್ ಏರಿಸಿ ಸ್ವಲ್ಪ ಹೊತ್ತಾದ ಮೇಲೆ ಅವನು ಕಣ್ಣು ಬಿಟ್ಟು ತನ್ನ ಒಂದು ಚಪ್ಪಲಿ ಎಲ್ಲಿ ಅಂತ ಕೇಳಿದ. ಅದು ಆಟೋದಲ್ಲೇ ಉಳಿದಿತ್ತು.