ದೂರದ ಫ್ರಾನ್ಸ್, ಪಕ್ಕದ ಪುಣೆ: ಶ್ರೀರಂಗಪಟ್ಟಣದಿಂದ ಗ್ರ್ಯಾಂಡ್ ಸ್ಟ್ರಾಟಜಿ

ವಿದೇಶಾಂಗ ನೀತಿ, ಗ್ರ್ಯಾಂಡ್ ಸ್ಟ್ರಾಟಜಿ ಎರಡೂ ಒಂದೇ ಅಂತ ತುಂಬಾ ಜನ ಬರೆದುಬಿಡುತ್ತಾರೆ. ಯಾರ ಜೊತೆ ಒಪ್ಪಂದ, ಎಲ್ಲಿಗೆ ರಾಯಭಾರಿ, ಯಾವಾಗ ಯುದ್ಧ ಅನ್ನುವುದು ವಿದೇಶಾಂಗ ನೀತಿ. ರಾಜ್ಯ ಉಳಿದು ಬೆಳೆಯಬೇಕಾದರೆ ಸೈನ್ಯ, ದುಡ್ಡು, ವ್ಯಾಪಾರ, ಸ್ನೇಹ ಎಲ್ಲವನ್ನೂ ಹೇಗೆ ಒಂದು ಗುರಿಗೆ ಹೊಂದಿಸಬೇಕು ಅನ್ನುವ ದೊಡ್ಡ ಲೆಕ್ಕ ಗ್ರ್ಯಾಂಡ್ ಸ್ಟ್ರಾಟಜಿ. ಒಂದೊಂದು ನಡೆಯೂ ಜಾಣತನದ್ದಾಗಿದ್ದು, ಒಟ್ಟು ಲೆಕ್ಕ ತಪ್ಪಬಹುದು. ಇದಕ್ಕೆ ಜರ್ಮನಿಯ ಬಿಸ್ಮಾರ್ಕ್‌ನ ಉದಾಹರಣೆಯನ್ನೇ ಬಾಯಿಪಾಠ ಮಾಡಬೇಕಿಲ್ಲ. ಮೈಸೂರಿನಿಂದ ಬಸ್ ಹತ್ತಿದರೆ ಶ್ರೀರಂಗಪಟ್ಟಣ ಇದೆ ಅಲ್ವಾ?

ಹೈದರ್, ಟಿಪ್ಪು ಬಗ್ಗೆ ಬೇರೆ ವಾದಗಳು ಬೇಕಾದಷ್ಟಿವೆ. ಇಲ್ಲಿ ನೋಡುವುದು ತಂತ್ರವನ್ನು ಮಾತ್ರ.

ಆಗಿನ ಮೈಸೂರಿಗೆ ಮೂವರು ಬಲವಾದ ನೆರೆಯವರು: ಮರಾಠರು, ನಿಜಾಮ, ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ. ಈ ಮೂವರೂ ಒಂದಾಗಬಾರದು. ಅಷ್ಟೇ ಸೂತ್ರ. ಹೈದರ್ 1780ರಲ್ಲಿ ಮರಾಠರನ್ನೂ ನಿಜಾಮನನ್ನೂ ತನ್ನ ಕಡೆ ಇಟ್ಟುಕೊಂಡೇ ಕಂಪನಿಯ ಮೇಲೆ ಹೋದ. ಕಂಪನಿ ಏನು ಮಾಡಿತು? ನಿಜಾಮನಿಗೆ ಗುಂಟೂರು ಬಿಟ್ಟುಕೊಟ್ಟಿತು, 1782ರಲ್ಲಿ ಸಾಲ್ಬಾಯಿಯಲ್ಲಿ ಮರಾಠರ ಜೊತೆ ರಾಜಿಯಾಯಿತು. ಕೂಟ ಮುರಿಯಿತು. ಅಷ್ಟಾದರೂ ಮೈಸೂರು ಸೋಲಲಿಲ್ಲ. 1784ರ ಮಂಗಳೂರು ಒಪ್ಪಂದದಲ್ಲಿ ಗೆದ್ದ ಜಾಗಗಳನ್ನು ಎರಡೂ ಕಡೆಯವರು ಹಿಂದಕ್ಕೆ ಕೊಟ್ಟರು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋದಾಗ ಪಶ್ಚಿಮದ ಗೋಡೆಯ ಪೊಳ್ಳಿಲೂರು ಯುದ್ಧದ (1780ರಲ್ಲಿ ಮೈಸೂರು ಕಂಪನಿಯನ್ನು ಸೋಲಿಸಿದ್ದು) ಚಿತ್ರವನ್ನು ನಿಧಾನವಾಗಿ ನೋಡಿ. ಪಲ್ಲಕ್ಕಿಯಲ್ಲಿ ಕಂಪನಿಯ ಕರ್ನಲ್ ಬೇಯ್ಲಿ ಇದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಜನ ಅಲ್ಲೇ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ತಡವಾಗಿ ಬರುತ್ತಿರುವ ನಿಜಾಮನ ದಂಡನ್ನೂ ಅದೇ ಗೋಡೆಯಲ್ಲಿ ಬರೆದಿದ್ದಾರೆ. ನೆರೆಯವನ ಮೇಲಿನ ಸಿಟ್ಟು ಅಲ್ಲಿ ಎದ್ದು ಕಾಣುತ್ತದೆ.

ನನ್ನ ಪ್ರಕಾರ ಲೆಕ್ಕ ತಪ್ಪಿದ್ದು ಇಲ್ಲಿ. 1784ರ ನಂತರ ಸಿಕ್ಕ ಬಿಡುವಿನಲ್ಲಿ ಮರಾಠರ ಪುಣೆ, ನಿಜಾಮನ ಹೈದರಾಬಾದುಗಳನ್ನು ಟಿಪ್ಪು ಒಲಿಸಿಕೊಳ್ಳಬೇಕಿತ್ತು. ಆದರೆ ನರಗುಂದದ ಜಗಳದಿಂದ ಶುರುವಾಗಿ ಇಬ್ಬರ ಜೊತೆಗೂ ಯುದ್ಧವೇ ಆಯಿತು. ಅದು 1787ರ ಗಜೇಂದ್ರಗಡ ಒಪ್ಪಂದದವರೆಗೂ ನಡೆಯಿತು. ಅದೇ ಹೊತ್ತಿಗೆ ಟಿಪ್ಪುವಿನ ರಾಯಭಾರಿಗಳು ಕಾನ್‌ಸ್ಟಾಂಟಿನೋಪಲ್‌ಗೆ, ಫ್ರಾನ್ಸ್‌ಗೆ ಹೊರಟಿದ್ದರು. 1788ರ ಆಗಸ್ಟ್‌ನಲ್ಲಿ ವರ್ಸೈಲ್ಸ್‌ನಲ್ಲಿ 16ನೇ ಲೂಯಿ ಅವರನ್ನು ಭರ್ಜರಿಯಾಗಿ ಬರಮಾಡಿಕೊಂಡ. ಸೈನ್ಯ ಮಾತ್ರ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲೂ ಇರಲಿಲ್ಲ: ಬ್ರಿಟನ್ ಜೊತೆ 1783ರಲ್ಲೇ ಶಾಂತಿ ಮಾಡಿಕೊಂಡಿದ್ದ, ಖಜಾನೆ ಬರಿದಾಗಿತ್ತು, ಮರುವರ್ಷ ಕ್ರಾಂತಿ.

ಕೌಟಿಲ್ಯನ ಮಂಡಲ ಸಿದ್ಧಾಂತದಲ್ಲಿ ಪಕ್ಕದವನು ಶತ್ರು, ಶತ್ರುವಿನ ಆಚೆಯವನು ಮಿತ್ರ. ಹಾಗೆ ನೋಡಿದರೆ ಫ್ರಾನ್ಸ್ ಸರಿಯಾದ ಆಯ್ಕೆಯೇ. ಆದರೆ ಆ ಮಿತ್ರ ಬರಲು ತಿಂಗಳುಗಟ್ಟಲೆ ಸಮುದ್ರ ದಾಟಬೇಕು, ಆ ಸಮುದ್ರದಲ್ಲಿ ಬ್ರಿಟಿಷರ ನೌಕಾಪಡೆ ಇದೆ.

ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1790ರಲ್ಲಿ ಮರಾಠರ ಪೇಶ್ವೆ, ನಿಜಾಮ ಇಬ್ಬರನ್ನೂ ಸೇರಿಸಿಕೊಂಡ. ಮುಂದಿನ ಮೇ ತಿಂಗಳಲ್ಲಿ ಅರಕೆರೆ ಹತ್ತಿರ ಗೆದ್ದರೂ ಪಟ್ಟಣಕ್ಕೆ ಮುತ್ತಿಗೆ ಹಾಕಲು ಆಗಲಿಲ್ಲ. ಮಳೆ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು, ದವಸ ಮುಗಿದಿತ್ತು. ಈಗ ಕೆಆರ್‌ಎಸ್ ಇರುವ ಕಣ್ಣಂಬಾಡಿ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಕ್ಕೆ ಹೊರಟ. ಹಸಿದ ಆ ಸೈನ್ಯಕ್ಕೆ ದಾರಿಯಲ್ಲಿ ಮರಾಠರ ದಂಡು ಎದುರಾಯಿತು. ಅವರ ಬಜಾರಿನಲ್ಲಿ ದವಸ ಇತ್ತು. ಕಂಪನಿಯ ದಂಡು ಬದುಕಿಕೊಂಡಿತು. ಮರುವರ್ಷ ಮತ್ತೆ ಬಂತು. 1792ರ ಮಾರ್ಚ್‌ನಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾದರು.

ಕೊನೆಯ ಸುತ್ತು ಬೇಗ ಮುಗಿಯಿತು. 1798ರಲ್ಲಿ ಟಿಪ್ಪುವಿನ ನೆರವಿಗೆ ಫ್ರೆಂಚರ ಮಾರಿಷಸ್‌ನಿಂದ ಬಂದವರು ಸುಮಾರು ನೂರು ಮಂದಿ. ನೆಪೋಲಿಯನ್ ಈಜಿಪ್ಟಿಗೆ ಬಂದನಾದರೂ ಆಗಸ್ಟ್‌ನಲ್ಲಿ ನೆಲ್ಸನ್ ಅವನ ಹಡಗುಗಳನ್ನು ನಾಶ ಮಾಡಿದ. ಸೆಪ್ಟೆಂಬರ್‌ನಲ್ಲಿ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ ನಿಜಾಮನನ್ನು ಸಹಾಯಕ ಸೈನ್ಯ ಪದ್ಧತಿಗೆ (ತನ್ನ ಖರ್ಚಿನಲ್ಲಿ ಕಂಪನಿಯ ಸೈನ್ಯ ಇಟ್ಟುಕೊಳ್ಳುವುದಕ್ಕೆ) ಒಪ್ಪಿಸಿದ. ಕಾವೇರಿ ತುಂಬುವ ಮೊದಲೇ, 1799ರ ಮೇ 4ರಂದು ಕೋಟೆ ಬಿತ್ತು.

ಪರೀಕ್ಷೆಯಲ್ಲಿ ಇದರ ಬಗ್ಗೆ ಉತ್ತರ ಬರೆಯುವವರಿಗೆ ಒಂದು ಮಾತು: ಹೆಚ್ಚಿನವರು 1784ರಿಂದ ಸೀದಾ 1790ಕ್ಕೆ ಹಾರುತ್ತಾರೆ. ಗಜೇಂದ್ರಗಡವನ್ನು ಬಿಡಬೇಡಿ. ಅದನ್ನು ಬಿಟ್ಟರೆ ಪೇಶ್ವೆ ಯಾಕೆ ಕಾರ್ನ್‌ವಾಲಿಸ್ ಕಡೆ ಹೋದ ಅನ್ನುವುದಕ್ಕೆ ನಿಮ್ಮ ಉತ್ತರದಲ್ಲಿ ಕಾರಣವೇ ಇರುವುದಿಲ್ಲ.