ಆಗುಂಬೆಯ ಮಂಜು, ಪ್ರಯೋಗಾಲಯದ ಮಂಜು

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲದಲ್ಲಿ ಮಂಜು ಕವಿದರೆ ಅಲ್ಲಿ ಚಾಲಕರ ಕಾಲು ಬ್ರೇಕ್ ಬಿಟ್ಟು ಏಳುವುದಿಲ್ಲ. ಅದು ಬರೀ ಹುಷಾರಿಯೋ, ಇಲ್ಲ ಮಂಜಿನಲ್ಲಿ ವೇಗವೇ ಮಿದುಳಿಗೆ ಬೇರೆಯಾಗಿ ತೋರುತ್ತದೆಯೋ? ಮಿದುಳು ಮತ್ತು ಅರಿವಿನ ಅನ್ವಯಿಕ ಮನೋವಿಜ್ಞಾನವನ್ನು ಎಂ.ಎಸ್ಸಿ. ಮಟ್ಟದಲ್ಲಿ ಓದುವವರು ಕೈಹಾಕುವುದು ಇಂಥ ಪ್ರಶ್ನೆಗಳಿಗೆ. ಮನಃಶಾಸ್ತ್ರ ಎಂದರೆ ಕೌನ್ಸೆಲಿಂಗ್ ಎಂದಷ್ಟೇ ತಿಳಿದಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಈ ದಾರಿಯೂ ಗೊತ್ತಾಗಬೇಕು.

1998ರಲ್ಲಿ ರಾಬರ್ಟ್ ಸ್ನೋಡನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಜನರನ್ನು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿ, ಇಂತಿಷ್ಟೇ ವೇಗದಲ್ಲಿ ಓಡಿಸಿ ಎಂದರು. ಪರದೆಯ ಮೇಲಿನ ದೃಶ್ಯ ಮಸುಕಾದಷ್ಟೂ ಅವರು ಜೋರಾಗಿ ಓಡಿಸಿದರು. ಬೆಳಕು-ನೆರಳಿನ ವ್ಯತ್ಯಾಸ, ಅಂದರೆ ಕಾಂಟ್ರಾಸ್ಟ್, ಕಡಿಮೆಯಾದಾಗ ಚಲನೆ ನಿಧಾನವಾದಂತೆ ಕಾಣುತ್ತದೆ ಎಂಬುದು ಮೊದಲೇ ತಿಳಿದಿತ್ತು. ಹಾಗಾಗಿ ಮಂಜು ಚಾಲಕರನ್ನು ಮೋಸಗೊಳಿಸುತ್ತದೆ ಎಂಬ ಮಾತು ಪಠ್ಯಪುಸ್ತಕಗಳನ್ನೂ ಸೇರಿತು.

ಆದರೆ ಪರದೆಯ ಆ ಮಂಜು ಕಿಟಕಿ ಗಾಜಿಗೆ ಹಬೆ ಹಿಡಿದಂತೆ ಎಲ್ಲ ಕಡೆ ಒಂದೇ ಸಮನಾಗಿತ್ತು. ಘಟ್ಟದ ಮಂಜು ಹಾಗಿರುವುದಿಲ್ಲ. ಗಾಡಿಯ ಮುಂದಿನ ನಾಲ್ಕು ಮಾರು ಟಾರು ಚೆನ್ನಾಗಿಯೇ ಕಾಣುತ್ತದೆ, ದೂರ ಹೋದಂತೆ ಎಲ್ಲ ಕರಗುತ್ತದೆ. 2012ರಲ್ಲಿ ಪಾವ್ಲೊ ಪ್ರೆಟ್ಟೊ ಮತ್ತು ಸಂಗಡಿಗರು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಇಂಥದೇ ಮಂಜನ್ನು ಸಿಮ್ಯುಲೇಟರಿನಲ್ಲಿ ಕಟ್ಟಿದರು. ಫಲಿತಾಂಶ ತಿರುಗುಮುರುಗಾಯಿತು: ಜನರಿಗೆ ವೇಗ ಇದ್ದದ್ದಕ್ಕಿಂತ ಹೆಚ್ಚೆನಿಸಿತು, ಅವರು ನಿಧಾನವಾಗಿ ಓಡಿಸಿದರು. ಹತ್ತಿರದ ರಸ್ತೆ ಕಣ್ಣಿನ ಮುಂದೆ ಸರ್ರನೆ ಹರಿಯುತ್ತದೆ, ದೂರದ್ದು ಮೆಲ್ಲಗೆ ಸರಿಯುತ್ತದೆ. ದೂರದ್ದು ಮರೆಯಾದಾಗ ಮಿದುಳು ವೇಗ ಅಳೆಯಲು ಉಳಿಯುವುದು ಸರ್ರನೆ ಹರಿಯುವ ಆ ಭಾಗವೇ. ದೂರದ್ದನ್ನು ಸ್ಪಷ್ಟಗೊಳಿಸಿ ಹತ್ತಿರದ್ದನ್ನು ಮಸುಕಾಗಿಸಿದ ಉಲ್ಟಾ ಮಂಜನ್ನೂ ಅವರು ಪರೀಕ್ಷಿಸಿದರು. ಅಲ್ಲಿ ಜನ ಜೋರಾಗಿಯೇ ಓಡಿಸಿದರು.

ಹಳೆಯ ಪ್ರಯೋಗ ಸುಳ್ಳಲ್ಲ; ಅದು ಅಳೆದ ಮಂಜು ಬೇರೆ. ಪ್ರಯೋಗಾಲಯಕ್ಕೂ ಘಟ್ಟಕ್ಕೂ ನಡುವಿನ ಈ ಅಂತರವನ್ನು ಗುರುತಿಸುವ ಕಣ್ಣೇ ಈ ಓದಿನ ನಿಜವಾದ ಗಳಿಕೆ ಎಂದು ನಾನು ನಂಬಿದ್ದೇನೆ. ಉಳಿದದ್ದು ಅದಕ್ಕೆ ಬೇಕಾದ ಸಾಮಗ್ರಿ: ಸಂಖ್ಯಾಶಾಸ್ತ್ರ, ಗಮನ ಮತ್ತು ನೆನಪಿನ ಸಿದ್ಧಾಂತಗಳು, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ, ನೋಟದ ಜಾಡು ಹಿಡಿಯುವ ಕ್ಯಾಮೆರಾ. ಪ್ರೋಗ್ರಾಮಿಂಗ್ ಕಲಿಯದೆ ಗತಿಯಿಲ್ಲ. ಅಲಹಾಬಾದ್ ವಿಶ್ವವಿದ್ಯಾಲಯ ಮತ್ತು ಗಾಂಧಿನಗರದ ಐಐಟಿಯಂಥ ಕಡೆ ಅರಿವಿನ ವಿಜ್ಞಾನದ ಸ್ನಾತಕೋತ್ತರ ಓದು ನಡೆದಿದೆ.

ನಮ್ಮ ಘಟ್ಟದಲ್ಲಿ ಪ್ರಬಂಧಕ್ಕೊಂದು ವಿಷಯವಂತೂ ಇದ್ದೇ ಇದೆ. ತಿರುವಿಗೆ ಒಂದೆರಡು ಸೆಕೆಂಡು ಮೊದಲೇ ಚಾಲಕರ ಕಣ್ಣು ತಿರುವಿನ ಒಳ ಅಂಚಿಗೆ ಹೋಗುತ್ತದೆ ಎಂದು ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ 1994ರಲ್ಲಿ ತೋರಿಸಿದರು. ಆ ಅಂಚೇ ಮಂಜಿನಲ್ಲಿ ಮುಚ್ಚಿಹೋದರೆ ಕಣ್ಣು ಎಲ್ಲಿ ನೆಲೆ ನಿಲ್ಲುತ್ತದೆ? ದಿನವೂ ಓಡಾಡುವ ಬಸ್ ಡ್ರೈವರನ ಕಣ್ಣಿಗೂ ಮೊದಲ ಸಲ ಘಟ್ಟ ಇಳಿಯುವ ಪ್ರವಾಸಿಯ ಕಣ್ಣಿಗೂ ಏನು ವ್ಯತ್ಯಾಸ? ಉತ್ತರ ಸಿಕ್ಕರೆ ಅಂಚಿನ ಬಿಳಿ ಗೆರೆಯನ್ನೂ ಮಿನುಗುಫಲಕವನ್ನೂ ತಿರುವಿನ ಯಾವ ಭಾಗದಲ್ಲಿ ಹಾಕಬೇಕೆಂದು ಆಧಾರ ಸಮೇತ ಹೇಳಬಹುದು.